ಎಷ್ಟು ಸಲ ಉಳಿಸ್ತಾಳ ಆಕಿ

ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಮೂರ್ನಾಲ್ಕು ವರ್ಷ ಕಳೆದಿರಬೇಕು. ಹೈದರಾಬಾದ್ ರಾಜ್ಯ ಇನ್ನೂ ಹೈದರಾಬಾದ್ ರಾಜ್ಯವಾಗಿಯೇ ಇತ್ತು, ಆದರೆ ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬರತೊಡಗಿತ್ತು. ಕನ್ನಡ ಓದಿ ಬರೆಯಬಲ್ಲವರು ಸಿಗುವುದೇ ಕಷ್ಟವಿದ್ದ ಕಾಲ. ಸೋದರಮಾವ ಮನೆಯಲ್ಲಿ ಕೂಡಿಸಿಕೊಂಡು ಅಕ್ಷರ ತಿದ್ದಿಸಿದ್ದರಿಂದ ನನಗೆ ಗುಲಬರ್ಗಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಆಗ ನನ್ನ ಉರ್ದುವೇ ಕನ್ನಡಕ್ಕಿಂತ ಚೆನ್ನಾಗಿತ್ತು. ಹುಡುಗಿಯರಿಗೆ ಕಲಿಸುತ್ತ ನಾನೂ ಕಲಿಯುತ್ತಿದ್ದೆ.

ಚಳಿಗಾಲದ ರಜೆ ಬಂದದ್ದೇ ತಡ, ಬೀದರಿನ ಬಸ್ಸು ಹತ್ತಿದೆ. ನನ್ನ ಹುಟ್ಟೂರು ಔರಾದ ತಾಲೂಕಿನ ಎಕಂಬಾ. ಅಲ್ಲಿ ಅಣ್ಣ ಹೊಲ ನೋಡಿಕೊಂಡಿದ್ದ. ಆದರೆ ನಾನು ಬೆಳೆದದ್ದು, ಓದಿದ್ದು ಎಲ್ಲ ಬೀದರಿನಲ್ಲಿ, ಸೋದರಮಾವನ ಮನೆಯಲ್ಲಿ. ಹಾಗಾಗಿ ಯಾರಾದರೂ ನಿಮ್ಮೂರು ಯಾವುದು ಎಂದರೆ ನನ್ನ ಬಾಯಿಗೆ ಮೊದಲು ಬರುವುದು ಬೀದರವೇ. ಚಳಿಯಲ್ಲಿ ಆ ಊರು ಇನ್ನೂ ಚೆಂದ. ಊರ ನಡುವಿನ ಚೌಬಾರ ಗೋಪುರದ ಸುತ್ತ ಪೇರಲಹಣ್ಣಿನ ಬುಟ್ಟಿಗಳು, ಬಿಸಿಲು ಬಿದ್ದ ಕಟ್ಟೆಗಳ ಮೇಲೆಲ್ಲ ಶಾಲು ಹೊದ್ದು ಕೂತ ಮುದುಕರು, ಕೋಟೆಯ ಕಡೆಯಿಂದ ಬರುವ ಒಣ ಗಾಳಿ. ಆ ಸಲ ನನಗಿದ್ದ ಆಸೆ ಒಂದೇ. ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಓದಿದ ನಾವು ಮೂವರು ಗೆಳತಿಯರು ಒಂದು ದಿನ ಒಟ್ಟಿಗೆ ಕೂತು ಊಟ ಮಾಡಬೇಕು. ಇಷ್ಟು ಸಣ್ಣ ಆಸೆಗೆ ಆ ಇಬ್ಬರು ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡರೆಂದರೆ, ನೆನೆದರೆ ಇವತ್ತಿಗೂ ತಲೆ ಕಾಯುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಜಗಳ ತೆಗೆಯುವ ಪೈಕಿ ಇಬ್ಬರೂ. ಒಬ್ಬಳು ಬೀದರಿಗೆ ಹತ್ತಿಕೊಂಡೇ ಇರುವ ಚಿದ್ರಿಯವಳು. ಅವರ ಮನೆತನ ಬೀದರಿನಲ್ಲಿ ಬಹಮನಿಗಳ ಕಾಲದಿಂದ ಇದ್ದದ್ದು ಎಂದು ಅವಳ ತಾಯಿ ಹೇಳುತ್ತಿದ್ದರು. ಆ ತಾಯಿಯನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬಳು ಶಾಲೆ ಬಿಟ್ಟ ಮೇಲೆ ಭಾಲ್ಕಿಯ ತೊಗರಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋದವಳು.

ಮೊದಲು ಚಿದ್ರಿಗೆ ಹೋದೆ. ಗೆಳತಿ ಓಣಿಯ ಮಕ್ಕಳಿಗೆ ಉರ್ದುವಿನ ಅಲಿಫ್ ಬೇ ಕಲಿಸುತ್ತ ಕೂತಿದ್ದಳು. ನನ್ನನ್ನು ನೋಡಿದ್ದೇ ಮಕ್ಕಳನ್ನೆಲ್ಲ ಹೊರಗೆ ಓಡಿಸಿ ಕೈ ಹಿಡಿದು ಒಳಗೆ ಎಳೆದುಕೊಂಡಳು. ಖಾಲಾ ಚಹಾ ಮಾಡಿದರು, ಅದರ ಮೇಲೆ ಉಪ್ಪಿಟ್ಟು, ಅದರ ಮೇಲೆ ಪೇರಲಹಣ್ಣು. ಒಂದು ತಾಸು ಸುಖವಾಗಿ ಮಾತಾಡಿದೆವು. ಎಳ್ಳಮಾಸಿಗೆ ನಮ್ಮ ಎಕಂಬಾದ ಹೊಲಕ್ಕೆ ಹೋಗೋಣ, ಮೂವರೂ, ಎಂದೆ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಒಲೆ ಹಚ್ಚಿ ಕೂಡುವವರಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಕೊಟ್ಟು, ಸಿಕ್ಕವರನ್ನೆಲ್ಲ ಕರೆದು ಉಣ್ಣುವುದು.

"ಮೂವರೂ ಅಂದ್ರ?" ಎಂದಳು.

"ನೀ, ನಾ, ಭಾಲ್ಕಿಯಾಕಿ."

"ಆಕಿ ಬಂದ್ರ ನಾ ಬರಂಗಿಲ್ಲ."

ನನಗೆ ಅರ್ಥವಾಗಲಿಲ್ಲ. ಇವಳ ಜೀವ ಉಳಿದದ್ದೇ ಆ ಭಾಲ್ಕಿಯವಳಿಂದ ಎಂಬುದು ನನಗೆ ಗೊತ್ತಿತ್ತು. ಪೊಲೀಸ್ ಆ್ಯಕ್ಷನ್ನಿನ ಹೊತ್ತಿಗೆ ಇವಳ ತಂದೆ ಭಾಲ್ಕಿಯ ತಹಸೀಲ ಕಚೇರಿಗೆ ಗುಮಾಸ್ತರಾಗಿ ವರ್ಗವಾಗಿ, ಹೆಂಡತಿ ಮಗಳ ಜೊತೆ ಅಲ್ಲೇ ಇದ್ದರು. ಸೈನ್ಯ ಬಂದು, ನಿಜಾಮನ ಪರ ನಿಂತು ಕಾಟ ಕೊಡುತ್ತಿದ್ದ ರಜಾಕಾರರು ಓಡಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಸಿಕ್ಕ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುವ ಮಂದಿ ಎದ್ದರು. ತಂದೆ ಕಚೇರಿಯ ಕೆಲಸಕ್ಕೆಂದು ಬೀದರಿನ ಕಡೆ ಹೋದವರು ತಿರುಗಿ ಬರಲಿಲ್ಲ. ತಾಯಿ ಮಗಳು ಇಬ್ಬರನ್ನೂ ಭಾಲ್ಕಿಯ ಗೆಳತಿ ತನ್ನ ಗಂಡನ ಮನೆಯಲ್ಲಿ ಬಚ್ಚಿಟ್ಟಳು. ಖಾಲಾ ಅಟ್ಟದ ಮೇಲೆ ತೊಗರಿ ಚೀಲಗಳ ಹಿಂದೆ. ಇವಳಿಗೆ ತನ್ನ ಸೀರೆ ಉಡಿಸಿ, ಕುಂಕುಮ ಹಚ್ಚಿ, ಬೇರೆ ಹೆಸರಿಟ್ಟು, ಉದಗೀರಿನಿಂದ ಬಂದ ತನ್ನ ಚಿಕ್ಕಮ್ಮನ ಮಗಳು ಎಂದು ಓಣಿಯವರಿಗೆಲ್ಲ ಹೇಳಿದಳು. ಬುರ್ಖಾದ ಹೊರಗೆ ಇವಳ ಮುಖವನ್ನು ಭಾಲ್ಕಿಯಲ್ಲಿ ಯಾರೂ ನೋಡಿರಲಿಲ್ಲ. ಗಲಾಟೆ ತಣ್ಣಗಾಗುವ ತನಕ ಹಾಗೆಯೇ ಕಾಪಾಡಿದಳು. ಇಷ್ಟೆಲ್ಲ ನಡೆದಾಗ ನಾನಿರಲಿಲ್ಲ. ರಜಾಕಾರರ ಕಾಟಕ್ಕೆ ಹೆದರಿ ನಮ್ಮ ಮನೆಯವರೆಲ್ಲ ಅದಕ್ಕೂ ಮೊದಲೇ ಸೊಲ್ಲಾಪುರ ಸೇರಿದ್ದೆವು.

"ಆಕಿ ನಿನ್ನ ಜೀವ ಉಳಿಸ್ಯಾಳ," ಎಂದೆ.

"ಉಳಿಸ್ಯಾಳ. ಖರೆ. ನಾ ಇಲ್ಲ ಅಂದೇನ? ಆದ್ರ ಎಷ್ಟು ಸಲ ಉಳಿಸ್ತಾಳ ಆಕಿ?" ಅವಳ ದನಿ ಏರಲಿಲ್ಲ. "ಹೋದ ಬ್ಯಾಸಿಗ್ಯಾಗ ಒಂದು ಮದಿವಿ ಇತ್ತು ಇಲ್ಲೇ ಬೀದರದಾಗ. ಕರೆದಿದ್ರು, ಹೋಗಿದ್ದೆ. ಹೆಣ್ಮಕ್ಕಳೆಲ್ಲ ಕುಂತಿದ್ರು. ನನ್ನ ನೋಡಿದ್ದೇ ಭಾಲ್ಕಿಯಾಕಿ, 'ಈಕಿನೇ ನೋಡ್ರಿ, ನಾ ಹೇಳಿದ್ದಿಲ್ಲೇನ್ರಿ' ಅಂತ ಎಲ್ಲರ ನಡುವ ಎಳಕೊಂಡು ಹೋದಳು. ಪೂರಾ ಕತಿ ಹೇಳಿದಳು. ಹೇಳಿ, ನನ್ನ ಓಢಣಿ ಸರಿಸಿ, ಕಿವಿ ಹಿಡಿದು ತೋರಿಸಿದಳು. ಪ್ಯಾಟ್ಯಾಗ ಎಮ್ಮಿ ಹಲ್ಲು ತೋರಿಸಿದಾಂಗ."

ಅವಳ ಕಿವಿಯ ಅಂಚಿನುದ್ದಕ್ಕೂ ಚಿಕ್ಕಂದಿನಲ್ಲಿ ಚುಚ್ಚಿದ ಬಾಲಿಗಳ, ಅಂದರೆ ಕಿವಿಯುಂಗುರಗಳ, ತೂತು ಸಾಲಾಗಿವೆ. ಮುಸಲ್ಮಾನರ ಹೆಣ್ಣುಮಕ್ಕಳಿಗೆಲ್ಲ ಹಾಗೆ ಇರುತ್ತಿತ್ತು. ಬಚ್ಚಿಡುವಾಗ ಆ ತೂತುಗಳನ್ನು ಮುಚ್ಚಬೇಕಾಗಿ ಬಂದಿತ್ತಂತೆ. ಕತೆಯಲ್ಲಿ ಕೇಳುವವರಿಗೆ ಬಹಳ ಸೇರುವ ಭಾಗ ಅದೇ.

"ಆಕಿಗಿ ಹೇಳ್ಬೇಕಿತ್ತು, ನನಗ ಸೇರಂಗಿಲ್ಲ ಅಂತ."

"ಜೀವ ಉಳಿಸಿದಾಕಿಗಿ ಹ್ಯಾಂಗ ಹೇಳಲಿ? ನೀನೇ ಹೇಳು."

ನಾನು ಪೇರಲಹಣ್ಣು ಕಚ್ಚಿದೆ. ಅವಳೇ ಮುಂದುವರಿಸಿದಳು, "ನೀ ಇಲ್ಲಿದ್ದಿಲ್ಲ. ನಿನಗ ತಿಳಿಯಂಗಿಲ್ಲ."

ಆ ಒಂದು ಮಾತನ್ನು ಆ ರಜೆಯಲ್ಲಿ ಎಷ್ಟು ಸಲ ಕೇಳಿದೆನೋ.

ಮರುದಿನ ರೈಲು ಹಿಡಿದು ಭಾಲ್ಕಿಗೆ ಹೋದೆ. ಸೊಸೆ ಒಳಗೆ ಮಗುವಿಗೆ ಎರೆಯುತ್ತಿದ್ದಳು. ಪಡಸಾಲೆಯಲ್ಲಿ ಅತ್ತೆ ಕೂತಿದ್ದರು. ನಾನು ಯಾರೆಂದು ಹೇಳಿದ್ದೇ ತಡ, ಬಾ ತಂಗಿ ಕೂಡು ಎಂದು ಎದುರಿಗೆ ಕೂಡಿಸಿಕೊಂಡು ಕತೆ ಶುರು ಮಾಡಿದರು. "ನಾವು ಅಂಜಲಿಲ್ಲವ್ವ. ಬರ್ರಿ ಅಂತ ಬಾಗಿಲು ತಗದೀವಿ. ಮನುಷ್ಯಾರು ಮನುಷ್ಯಾರಿಗಿ ಆಗಬೇಕಲ್ಲ." ಇದೇ ಅತ್ತೆ ಆವಾಗ, ಇವರನ್ನು ಹೊರಗೆ ಹಾಕು, ಇಲ್ಲವೆಂದರೆ ನಾನು ತವರಿಗೆ ಹೋಗುತ್ತೇನೆ ಎಂದು ಕೂತಿದ್ದರಂತೆ. ಆಮೇಲೂ ಆರು ತಿಂಗಳು ಸೊಸೆಯ ಜೊತೆ ಮಾತು ಬಿಟ್ಟಿದ್ದರಂತೆ. ಈಗ ಊರಲ್ಲಿ ಹೆಸರು ಬಂದ ಮೇಲೆ ಬಾಗಿಲು ತೆಗೆದವರು ತಾವೇ ಆಗಿದ್ದರು.

ಗೆಳತಿ ಬಂದವಳು ನನ್ನನ್ನು ತಬ್ಬಿಕೊಂಡು, ಯಾಕಿಷ್ಟು ಸೊರಗಿದ್ದಿ ಎಂದು ಬೈದು, ಅಡುಗೆಮನೆಗೆ ಕರೆದುಕೊಂಡು ಹೋದಳು. ರೊಟ್ಟಿ ಬಡಿಯುತ್ತಲೇ ಮಾತು. ಎಳ್ಳಮಾಸಿಗೆ ಎಕಂಬಾ ಎಂದಾಗ ಖುಷಿಯಾದಳು. ಚಿದ್ರಿಯವಳು ಎಂದಾಗ ಕೈ ನಿಂತಿತು.

"ಆಕಿ ಬರಂಗಿಲ್ಲ. ಬಂದ್ರ ನಾ ಬರಂಗಿಲ್ಲ. ದೀಪಾವಳಿಗಿ ಚಕ್ಕಲಿ ಕಳಿಸಿದ್ದೆ. ಡಬ್ಬಿ ಖಾಲಿ ಬಂತು. ಒಂದು ಹರಳು ಸಕ್ರಿ ಹಾಕಿ ಕಳಿಸಬಾರದಾ? ನನ್ನ ಮಗನ ಹೆಸರಿಡೋದಕ್ಕ ಕರೆದೆ, ಬರಲಿಲ್ಲ. ನಾ ಏನು ಪಾಪ ಮಾಡೀನಿ ಆಕಿಗಿ?"

ಇನ್ನು ಸುತ್ತಿಬಳಸುವುದು ಬೇಡವೆಂದು ನೇರವಾಗಿ ಹೇಳಿದೆ. "ನೀ ಆ ಕತಿ ಎಲ್ಲರ ಮುಂದ ಹೇಳೋದು ಆಕಿಗಿ ಸೇರಂಗಿಲ್ಲ."

"ಯಾಕ? ನಾ ಸುಳ್ಳು ಹೇಳ್ತೇನೇನು?"

"ಸುಳ್ಳಲ್ಲ. ಆಕಿಗಿ ನಾಚಿಕಿ ಆಗ್ತದ."

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ತೆಗೆಯಲಿಲ್ಲ. ಕೊನೆಗೆ ನಾನೇ ತೆಗೆದೆ.

"ನೋಡು," ಎಂದಳು. "ನೀ ಓದಿದಿ, ನೌಕರಿ ಹಿಡಿದಿ. ನಾ ಈ ಮನಿಗಿ ಬಂದ ಮ್ಯಾಲಿ ರೊಟ್ಟಿ ಬಡಿದೀನಿ, ಮಕ್ಕಳು ಹಡದೀನಿ. ನನ್ನ ಜಲ್ಮದಾಗ ನಾ ಅಂತ ಮಾಡಿದ್ದು ಅದೊಂದೇ. ಅದೂ ಹೇಳಬಾರದಂದ್ರ ನನ್ನ ಹತ್ರ ಏನದ ಹೇಳಲಿಕ್ಕಿ?"

ನನಗೆ ಸಿಟ್ಟು ಬಂತು. ಇಬ್ಬರದೂ ಸರಿ ಎನ್ನಿಸಿದರೆ ಮಧ್ಯದವಳು ಮಾಡುವುದೇನು? ಚಿದ್ರಿಯವಳೂ ಬರುತ್ತಾಳೆ, ನೀನೂ ಬಾ, ಬರದಿದ್ದರೆ ಬಿಡು ಎಂದು ಹೇಳಿ ಎದ್ದೆ. ಹೊರಡುವಾಗ ಅವಳು ಹೇಳಿದ್ದೂ ಅದೇ. "ನೀ ಆಗ ಇಲ್ಲಿದ್ದಿಲ್ಲಲ್ಲ, ನಿನಗೇನು ಗೊತ್ತು." ಅದರ ಜೊತೆಗೆ ಎರಡು ಸೇರು ತೊಗರಿಬೇಳೆಯನ್ನೂ ಗಂಟು ಕಟ್ಟಿ ಕೊಟ್ಟಳು.

ಮತ್ತೆ ಚಿದ್ರಿಗೆ ಹೋಗಿ ಅದನ್ನೇ ಹೇಳಿದೆ. ಅವಳೂ ಬರುತ್ತಾಳೆ, ಬರುವುದಿದ್ದರೆ ಬಾ. ಇವಳು ನಾ ಬರಂಗಿಲ್ಲ ಎಂದಳು. ಒಳಗಿನಿಂದ ಖಾಲಾ, "ಹೋಗು ಬೇಟಾ, ನನ್ನ ಪಾಲಿನ ಭಜ್ಜಿನೂ ತಗೊಂಡು ಬಾ," ಎಂದರು. ಇವಳು ತಾಯಿಯ ಮೇಲೂ ರೇಗಿದಳು. ರಜೆಯಲ್ಲಿ ಸುಮ್ಮನೆ ಮಾವನ ಮನೆಯ ಬಿಸಿಲಲ್ಲಿ ಮಲಗಬಾರದಿತ್ತೇ ಎಂದುಕೊಂಡು ತಿರುಗಿ ಬಂದೆ.

ಎಳ್ಳಮಾಸಿಯ ದಿನ ಒಬ್ಬಳೇ ಬಸ್ ನಿಲ್ದಾಣಕ್ಕೆ ಹೋದೆ. ನೋಡಿದರೆ ಒಂದು ಕಡೆ ಬುರ್ಖಾದೊಳಗೆ ಚಿದ್ರಿಯವಳು ಕಂಬಕ್ಕೆ ಮುಖ ಮಾಡಿ ನಿಂತಿದ್ದಾಳೆ. ಇನ್ನೊಂದು ಕಡೆ ಭಾಲ್ಕಿಯವಳು, ಗಂಜ್ ಎಂಬ ಕಾಳಿನ ಪೇಟೆಯ ಕೆಲಸಕ್ಕೆ ಬಂದ ಗಂಡನ ಜೊತೆ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದವಳು, ದೊಡ್ಡ ಬುಟ್ಟಿಯ ಮುಂದೆ ಕೂತಿದ್ದಾಳೆ. ಇಬ್ಬರೂ ನಾನೇ ಮೋಸ ಮಾಡಿದವಳೆಂಬಂತೆ ನನ್ನನ್ನು ನೋಡಿದರು. ಇಬ್ಬರಿಗೂ ಬಾಯಿಬಿಟ್ಟು ಹೇಳಿದ್ದೆನಲ್ಲ ಎಂದರೆ, ಅವಳು ಬರಲಿಕ್ಕಿಲ್ಲ ಅಂದುಕೊಂಡೆ ಎಂದು ಇಬ್ಬರೂ ಬೇರೆಬೇರೆಯಾಗಿ ನನ್ನ ಕಿವಿಯಲ್ಲಿ ಹೇಳಿದರು.

ಬಸ್ಸಿನಲ್ಲಿ ನನ್ನ ಎಡಕ್ಕೆ ಚಿದ್ರಿಯವಳು, ಬಲಕ್ಕೆ ಭಾಲ್ಕಿಯವಳು.

"ಆ ಬುಟ್ಟಿ ನನ್ನ ಕಾಲ ಮ್ಯಾಲಿಂದ ತಗಿ ಅಂತ ಹೇಳು ಆಕಿಗಿ," ಎಂದಳು ಎಡದವಳು.

"ಜಾಗ ಇಲ್ಲ ಅಂತ ಹೇಳು," ಎಂದಳು ಬಲದವಳು.

"ಜಾಗ ಇಲ್ಲಂತ," ಎಂದೆ ನಾನು. ಊರು ಬಿಟ್ಟು ಬಹಳ ದೂರ ಹೋಗುವ ತನಕ ಹೀಗೇ ನಡೆಯಿತು. ರಸ್ತೆಯೋ, ದೇವರಿಗೇ ಪ್ರೀತಿ. ಬಸ್ಸು ಕುಣಿದಾಗಲೆಲ್ಲ ಇಬ್ಬರೂ ನನ್ನ ಮೇಲೆ ಬೀಳುತ್ತಿದ್ದರು, ಬಿದ್ದು ನನ್ನನ್ನೇ ಗದರುತ್ತಿದ್ದರು. ಔರಾದದಲ್ಲಿ ಅಣ್ಣ ಕಳಿಸಿದ ಬಂಡಿ ಕಾದಿತ್ತು. ಬಂಡಿಯಲ್ಲಿ ನಾನು ಬೇಕೆಂದೇ ಮುಂದೆ ಹೋಗಿ ಕೂತೆ. ಹಿಂದೆ ಅವರಿಬ್ಬರೂ, ಒಬ್ಬಳು ಈ ಕಡೆಯ ಜೋಳ, ಒಬ್ಬಳು ಆ ಕಡೆಯ ಜೋಳ ನೋಡುತ್ತ ಬಂದರು.

ಹೊಲದಲ್ಲಿ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಅಂಬಲಿ. ಅಣ್ಣ ಭೂಮಿಯ ಪಾಲಿನ ಎಡೆಯನ್ನು ಹೊಲದ ತುಂಬ ಚರಗ ಚೆಲ್ಲಿ ಬಂದು, ಗಂಡಸರ ಪಂಕ್ತಿಗೆಂದು ಬಾವಿಯ ಕಡೆ ಹೋದ. ನಾವು ಹೆಂಗಸರು ಬನ್ನಿಗಿಡದ ನೆರಳಲ್ಲಿ ಕೂತೆವು. ಚಿದ್ರಿಯವಳು ಬುರ್ಖಾ ತೆಗೆದು ಮಡಚಿಟ್ಟಳು. ವೈನಿ ಸೀದಾ ಹೆಂಗಸು. ಅವಳಿಗೆ ಒಳಗಿನ ಸಂಗತಿ ಗೊತ್ತಿಲ್ಲ.

"ನಿಮ್ಮಿಬ್ಬರದೂ ಭಾಳ ದಿನದ ಗೆಳೆತನೇನ್ರಿ ಅಕ್ಕಾ?" ಎಂದು ಭಾಲ್ಕಿಯವಳನ್ನು ಕೇಳಿದಳು.

ಅವಳ ಕಣ್ಣು ಹೊಳೆದದ್ದು ನನಗೆ ಕಂಡಿತು. ತಡೆಯಲು ನನ್ನ ಬಾಯಲ್ಲಿ ರೊಟ್ಟಿ ಇತ್ತು. "ಅದೇನಾತು ಅಂದ್ರರಿ ವೈನಿ," ಎಂದು ಅವಳು ಶುರು ಮಾಡಿಯೇ ಬಿಟ್ಟಳು.

"ಈ ಸಲ ನಾ ಹೇಳ್ತೇನಿ," ಎಂದಳು ಚಿದ್ರಿಯವಳು.

ಭಾಲ್ಕಿಯವಳು ಅವಳ ಕಡೆ ತಿರುಗಿದಳು.

ಚಿದ್ರಿಯವಳು ತಾಟು ಕೆಳಗಿಟ್ಟು, ವೈನಿಯನ್ನು ನೋಡುತ್ತ ಹೇಳತೊಡಗಿದಳು. ಕಿವಿಯ ತೂತುಗಳಿಗೆ ಅರಿಷಿಣದ ಮುದ್ದೆ ತುಂಬಿ ಸೆರಗು ಮುಚ್ಚಿದ್ದು. ಹೊಸ ಹೆಸರು ಕೂಗಿದರೆ ತನಗೆ ಓ ಅನ್ನುವುದು ನೆನಪಾಗದೆ, ಈ ಗೆಳತಿ ಓಣಿಯವರಿಗೆಲ್ಲ ಇವಳಿಗೆ ಕಿವಿ ಮಂದ ಎಂದು ಹೇಳಿದ್ದು. ಅದಕ್ಕೆ ಬಂದವರೆಲ್ಲ ಹತ್ತಿರ ಬಂದು ಕಿರುಚಿ ಮಾತಾಡುತ್ತಿದ್ದದ್ದು. ವೈನಿ ನಕ್ಕಳು. ಹೇಳುವವಳೂ ಸ್ವಲ್ಪ ನಕ್ಕಳು.

"ಅರಿಷಿಣ ಅಲ್ಲ, ಮೇಣ," ಎಂದಳು ಭಾಲ್ಕಿಯವಳು. "ಮೇಣ ಕಾಸಿ ತುಂಬಿದೆ. ಅದರ ಮ್ಯಾಲ ಅರಿಷಿಣ."

"ಕಿವಿ ನಂದು. ನನಗ ಗೊತ್ತದ."

"ತುಂಬಿದ ಕೈ ನಂದು."

ಮೇಣವೋ ಅರಿಷಿಣವೋ ಎಂದು ಇಬ್ಬರೂ ಎಷ್ಟು ಹೊತ್ತು ಎಳೆದಾಡಿದರೆಂದರೆ ನನ್ನ ಭಜ್ಜಿ ಆರಿಹೋಯಿತು. ಹಬ್ಬದ ದಿನ ಅಣ್ಣನ ಹೊಲಕ್ಕೆ ಇದಕ್ಕಾಗಿ ಕರೆತಂದೆನೇ ಎಂದು ತಡೆಯದೆ, "ಏನಾದ್ರೂ ತುಂಬಿರಲಿ, ಮೊದಲು ಉಣ್ರಿ," ಎಂದು ಗದರಿದೆ.

"ನೀ ಇಲ್ಲಿದ್ದಿಲ್ಲ, ಸುಮ್ಮ ಕೂಡು," ಎಂದರು ಇಬ್ಬರೂ ಒಟ್ಟಿಗೆ.

ಆ ರಜೆಯಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ನಾನು ಆರಿದ ಭಜ್ಜಿ ಉಂಡೆ.

ಚಿದ್ರಿಯವಳು ಮತ್ತೆ ಹೇಳತೊಡಗಿದಳು, ಈಗ ಸ್ವಲ್ಪ ನಿಧಾನವಾಗಿ. "ಒಂದಿನ ಮಧ್ಯಾಹ್ನ ಬಾಜು ಮನಿಯಾಕಿ ಬಂದಳು. ನಾ ಪಡಸಾಲ್ಯಾಗ ತೊಗರಿ ಹಸನ ಮಾಡ್ಲಿಕತ್ತಿದ್ದೆ. ಕಿವಿ ಮಂದ ಅಂತ ಆಕಿ ನನ್ನ ಮುಂದ ಜೋರಾಗಿ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದಳು, ಬೀದರ ದಾರ್ಯಾಗ ಯಾರ್ಯಾರಿಗಿ ಏನೇನು ಮಾಡಿದ್ರು ಅಂತ. ಅದರಾಗ ಕಚೇರಿ ಗುಮಾಸ್ತ ಒಬ್ಬ ಇದ್ದನಂತ. ಎಡಗೈಲೆ ಬರೀತಿದ್ದನಲ್ಲ, ಅಂವ ಅಂದಳು."

ಚಿದ್ರಿಯವಳ ತಂದೆ ಎಡಚರು. ಅವರು ಎಡಗೈಯಲ್ಲಿ ಉರ್ದು ಬರೆಯುವುದನ್ನು ನೋಡಲು ಚಿಕ್ಕವರಿದ್ದಾಗ ನಾವು ಅವರ ಸುತ್ತ ಕೂಡುತ್ತಿದ್ದೆವು.

"ನಾ ಹೌದಾ ಅಂದೆ," ಎಂದಳು. "ಮತ್ತ ತೊಗರಿ ಹಸನ ಮಾಡಿದೆ. ಆಕಿ ಹೋಗೋ ತನ ಮಾಡಿದೆ. ಆಕಿ ಹೋದ ಮ್ಯಾಲೂ ಮಾಡಿದೆ."

ಭಾಲ್ಕಿಯವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ನಾ ಎಲ್ಲಿದ್ದೆ?"

"ಅಡಿಗಿಮನ್ಯಾಗ. ರೊಟ್ಟಿ ಬಡೀತಿದ್ದಿ. ಸಪ್ಪಳ ಕೇಳ್ತಿತ್ತು."

"ನನಗ ಯಾಕ ಹೇಳಲಿಲ್ಲ? ಅಷ್ಟು ದಿನ ಒಂದೇ ಕೌದಿಯಾಗ ಮಲಗೀವಿ."

"ಹೇಳಿದ್ರ ನೀ ಅಳ್ತಿದ್ದಿ. ನಿನಗ ಸದ್ದಿಲ್ಲದಾಂಗ ಅಳಲಿಕ್ಕಿ ಬರಂಗಿಲ್ಲ. ಓಣಿಗೆಲ್ಲ ಗೊತ್ತಾಗ್ತಿತ್ತು. ನಿನ್ನ ಮನಿಗಿ ಬೆಂಕಿ ಹಚ್ಚತಿದ್ರು."

ಭಾಲ್ಕಿಯವಳು ಆಗ ಅತ್ತಳು. ಗೆಳತಿ ಹೇಳಿದ್ದು ನಿಜವೇ ಇತ್ತು. ಅವಳಿಗೆ ಸದ್ದಿಲ್ಲದೆ ಅಳಲು ಬರುತ್ತಿರಲಿಲ್ಲ. ಬಾವಿಯ ಹತ್ತಿರ ಉಣ್ಣುತ್ತಿದ್ದ ಗಂಡಸರು ಎದ್ದು ನಿಂತು ನೋಡಿದರು. ವೈನಿ ಏನು ಮಾಡಬೇಕೋ ತಿಳಿಯದೆ ಎಲ್ಲರ ತಾಟಿಗೂ ಮತ್ತೆ ಭಜ್ಜಿ ಬಡಿಸಿದಳು. ಅಳುವ ಹಕ್ಕು ನನಗಿಲ್ಲ ಎನ್ನಿಸಿ ಅಂಬಲಿ ಕುಡಿದೆ.

ಚಿದ್ರಿಯವಳು ಅಳಲಿಲ್ಲ. ಗೆಳತಿ ಅತ್ತು ಮುಗಿಸುವ ತನಕ ಕಾದು, ಆಮೇಲೆ ರೊಟ್ಟಿ ಮುರಿದು ಅವಳ ಕೈಗಿಟ್ಟಳು. "ಕತಿ ಹೇಳು," ಎಂದಳು. "ಬ್ಯಾಡ ಅನ್ನಂಗಿಲ್ಲ ನಾ. ಆದ್ರ ನನ್ನ ಕಿವಿ ಮುಟ್ಟಬ್ಯಾಡ. ಮತ್ತ ನಾ ಇದ್ದಾಗ ಮೊದಲು ನನ್ನ ಕೇಳು."

"ಕೇಳ್ತೇನಿ," ಎಂದಳು ಭಾಲ್ಕಿಯವಳು ಮೂಗು ಒರೆಸಿಕೊಳ್ಳುತ್ತ. ಕೈಯಲ್ಲಿದ್ದ ರೊಟ್ಟಿ ಕಚ್ಚಿ, "ಚಕ್ಕಲಿ ಹ್ಯಾಂಗಿತ್ತು?" ಎಂದಳು.

"ಎಣ್ಣಿ ಜಾಸ್ತಿ ಇತ್ತು."

ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಉಸಿರು ಬಿಟ್ಟೆ. ಮುಗಿಯಲಿಲ್ಲ. ಬಿಟ್ಟುಹೋದ ವರ್ಷಗಳ ಮಾತನ್ನೆಲ್ಲ ಅವತ್ತೇ ಆಡಿ ತೀರಿಸುವವರಂತೆ ಇಬ್ಬರೂ ಎದ್ದು ಕಡಲೆ ಹೊಲದ ಬದುವಿನ ಮೇಲೆ ನಡೆಯುತ್ತ ಹೋದರು. ಕಡಲೆ ಗಿಡ ಕಿತ್ತು ತಿನ್ನುತ್ತ, ನಿಲ್ಲುತ್ತ, ಮತ್ತೆ ನಡೆಯುತ್ತ. ನಾನು ವೈನಿಯ ಜೊತೆ ಪಾತ್ರೆ ತೊಳೆದೆ. ಬುತ್ತಿಯ ಬಟ್ಟೆಗಳನ್ನು ಮಡಚಿದೆ. ಬಂಡಿ ಹೂಡಿದ ಮೇಲೆ ಕೂಗಿದೆ, ಔರಾದದಿಂದ ಬೀದರಿಗೆ ಕಡೆಯ ಬಸ್ಸು ತಪ್ಪುತ್ತದೆ ಬನ್ನಿರೇ ಎಂದು. ಅಲ್ಲಿಂದಲೇ ಕೈ ಬೀಸಿದರು. ಬಂದೆವು ಎಂದೋ, ಹೋಗು ಎಂದೋ ತಿಳಿಯಲಿಲ್ಲ. ಬಸ್ಸು ತಪ್ಪಿತು. ಖಾಲಾಗೂ ಭಾಲ್ಕಿಯವಳ ಗಂಡನಿಗೂ ಸುದ್ದಿ ಮುಟ್ಟಿಸಲು ಅಣ್ಣ ಸೈಕಲ್ಲು ತುಳಿದುಕೊಂಡು ಔರಾದದ ತನಕ ಹೋಗಿ, ಲಾರಿಯಲ್ಲಿ ಬೀದರಿಗೆ ಹೊರಟಿದ್ದ ಒಬ್ಬರನ್ನು ಹುಡುಕಿ ಹೇಳಿ ಬರಬೇಕಾಯಿತು. ವರ್ಷದ ಹಬ್ಬದ ದಿನ ಅವನಿಗೆ ಆ ಕೆಲಸ. ಆಮೇಲೆ ಬಹಳ ದಿನ, ನಿನ್ನ ಗೆಳತಿಯರು ಎಂದು ಅವನು ನನ್ನನ್ನೇ ಚುಚ್ಚುತ್ತಿದ್ದ.

ಮುಂದಿನ ಚಳಿಗಾಲದಲ್ಲಿ ಬರುವ ದಿನವನ್ನು ಇಬ್ಬರಿಗೂ ಮೊದಲೇ ತಿಳಿಸಿ ಬೀದರಿಗೆ ಹೋದೆ. ಚಿದ್ರಿಯ ಮನೆಯಲ್ಲಿ ಖಾಲಾ ಒಬ್ಬರೇ ಬಿಸಿಲಿಗೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಭಾಲ್ಕಿಯವಳನ್ನೂ ಮಕ್ಕಳನ್ನೂ ಅವಳ ಗಂಡ ಹೈದರಾಬಾದಿಗೆ ನುಮಾಯಿಷ್, ಅಂದರೆ ದೊಡ್ಡ ವಸ್ತುಪ್ರದರ್ಶನ, ತೋರಿಸಲು ಕರೆದುಕೊಂಡು ಹೋಗಿದ್ದನಂತೆ. ಅವಳು ಚಿದ್ರಿಯವಳನ್ನೂ ಎಳೆದುಕೊಂಡು ಹೋಗಿದ್ದಳು. ನಾನು ಬರುವುದು ಇಬ್ಬರಿಗೂ ನೆನಪಿರಲಿಲ್ಲವೋ, ಇದ್ದೂ ಹೋದರೋ, ಖಾಲಾಗೆ ಗೊತ್ತಿರಲಿಲ್ಲ.

"ಆಕಿ ಇನ್ನೂ ಆ ಕತಿ ಹೇಳ್ತಾಳೇನು ಖಾಲಾ?" ಎಂದು ಕೇಳಿದೆ.

"ಹೇಳ್ತಾಳ ಬೇಟಾ. ಈಗ ಅರ್ಧ ಆಕಿ ಹೇಳ್ತಾಳ, ಅರ್ಧ ನಮ್ಮಾಕಿ ಹೇಳ್ತಾಳ. ನಡುವ ಮೇಣ, ಅರಿಷಿಣ ಅಂತ ಜಗಳ. ಮೊದಲಿಗಿಂತ ಈಗ ಹೊತ್ತು ಭಾಳ ಹಿಡೀತದ."

ಎಡಗೈಯ ಗುಮಾಸ್ತರ ಮಾತು ಅದರಲ್ಲಿ ಬರುತ್ತದೋ ಇಲ್ಲವೋ, ನಾನು ಕೇಳಲಿಲ್ಲ. ಖಾಲಾ ನನಗೂ ಒಂದು ಮೊರ ಮೆಣಸಿನಕಾಯಿ ಕೊಟ್ಟರು. ತೊಟ್ಟು ಮುರಿಯುತ್ತ ಕೂತೆ. ಆ ಇಬ್ಬರ ಮೇಲಿನ ಸಿಟ್ಟಿಗೆ ಕೈ ಬೇಗಬೇಗ ಓಡುತ್ತಿತ್ತು. ರಜೆ ಮುಗಿದು ನಾನು ಗುಲಬರ್ಗಾದ ಬಸ್ಸು ಹತ್ತುವ ತನಕ ಅವರು ಹೈದರಾಬಾದಿನಿಂದ ಬರಲೇ ಇಲ್ಲ.